ರತ್ನವ್ವನ ಜೀಪಿನ ಗಸಿ

ಎಣ್ಣೆಗೆ ಅವಸರ ಮಾಡಬಾರದು ಎಂಬುದು ರತ್ನವ್ವನ ತವರಿನ ಮಾತು. ತವರು ಸುಳ್ಳ ಎಂಬ ಊರಿನ ಗಾಣಿಗರ ಮನೆ, ಕೊಟ್ಟ ಮನೆ ಅಮ್ಮಿನಬಾವಿಯ ಗಾಣಿಗರ ಮನೆ. ಎರಡೂ ಕಡೆ ಕುಸುಬಿ ಅರೆದು ಬದುಕಿದವರು. ಗಾಣದಿಂದ ಇಳಿದ ಎಣ್ಣೆಯನ್ನು ಅವರು ಅಂದೇ ಮಾರುತ್ತಿರಲಿಲ್ಲ. ಹಂಡೆಗೆ ಸುರಿದು, ಬಾಯಿಗೆ ಬಿಳಿ ಅರಿವೆ ಕಟ್ಟಿ, ಕತ್ತಲೆ ಮೂಲೆಯಲ್ಲಿಟ್ಟು ಮರೆತುಬಿಡುತ್ತಿದ್ದರು. ಎರಡು ದಿನ, ಒಮ್ಮೊಮ್ಮೆ ಮೂರು ದಿನ. ಆ ಮೂಲೆಯ ಹತ್ತಿರ ಮಕ್ಕಳು ಓಡಬಾರದು, ಯಾರೂ ಏನನ್ನೂ ಕುಟ್ಟಬಾರದು, ಜೋರಾಗಿ ಮಾತಾಡಲೂ ಬಾರದು. ಎಣ್ಣೆ ಮಲಗಿದೆ ಎನ್ನುತ್ತಿದ್ದಳು ರತ್ನವ್ವನ ಅಜ್ಜಿ. ಮಲಗಿದ ಎಣ್ಣೆಯೊಳಗಿನ ಕಸವೆಲ್ಲ ಸದ್ದಿಲ್ಲದೆ ಇಳಿದು ತಳದಲ್ಲಿ ಗಸಿಯಾಗಿ ಕೂಡುತ್ತಿತ್ತು. ಮೇಲೆ ಉಳಿಯುತ್ತಿದ್ದದ್ದು ಸಂಜೆ ಬಿಸಿಲಿನ ಬಣ್ಣದ ಎಣ್ಣೆ. ಅದನ್ನು ಎರಡು ಬೆರಳಿನ ನಡುವೆ ತಿಕ್ಕಿ, ಮೂಗಿಗೆ ಹಿಡಿದು, ಬೆಳಕಿಗೆ ಹಿಡಿದು, ಆಮೇಲೆ ಗಿರಾಕಿಗೆ ಅಳೆದು ಕೊಡುವುದು. ತಿಳಿಯಾದದ್ದು ಒಳ್ಳೆಯದು, ಕಪ್ಪಾದದ್ದು ಕೆಟ್ಟದ್ದು. ಎಣ್ಣೆಯ ವಿಷಯದಲ್ಲಿ ತಿಳಿಯಬೇಕಾದದ್ದು ಇಷ್ಟೇ ಎಂದು ರತ್ನವ್ವ ಅರವತ್ತಮೂರು ವರ್ಷ ನಂಬಿಕೊಂಡಿದ್ದಳು.

ಗಾಣ ನಿಂತು ಇಪ್ಪತ್ತೈದು ವರ್ಷದ ಮೇಲಾಯಿತು. ಗಾಣದ ಎತ್ತು ಸತ್ತ ವರ್ಷವೇ ಅವಳ ಗಂಡ ಕುಬೇರಪ್ಪ ಧಾರವಾಡದ ಸರ್ಕಾರಿ ಲಿಲಾವಿನಲ್ಲಿ ಹರಾಜು ಕೂಗಿ ಒಂದು ಜೀಪು ಹಿಡಿದು ತಂದ. ಡೀಸೆಲ್ಲಿನ ಜೀಪು, ನಾಲ್ಕೂ ಗಾಲಿ ಎಳೆಯುವಂಥದು. ಒಂದು ಕಾಲಕ್ಕೆ ಬೆಳ್ಳಗಿದ್ದಿರಬೇಕು, ತಂದಾಗಲೇ ಹುಳಿ ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ಅದನ್ನು ಗಾಣದ ಕೊಟ್ಟಿಗೆಯಲ್ಲಿ, ಎತ್ತು ಸುತ್ತಿ ಸುತ್ತಿ ಸವೆಸಿದ ದುಂಡನೆಯ ನೆಲದ ಮೇಲೆಯೇ ನಿಲ್ಲಿಸಿದರು. ಕುಬೇರಪ್ಪನ ಕಣ್ಣು ಮಬ್ಬಾದ ಮೇಲೆ, ತನ್ನ ನಲವತ್ತೇಳನೆಯ ವಯಸ್ಸಿನಲ್ಲಿ, ರತ್ನವ್ವ ಸ್ಟೇರಿಂಗ್ ಹಿಡಿದಳು. ಅವನು ಪಕ್ಕದಲ್ಲಿ ಕೂತು ಮಾತಾಡಿ ಮಾತಾಡಿ ಕಲಿಸಿದ, ಅವಳು ಸುಮ್ಮನಿದ್ದು ಕಲಿತಳು.

ಅಮ್ಮಿನಬಾವಿಯ ಸುತ್ತಲಿನದು ಎರೆ ನೆಲ, ಜಿಗುಟಾದ ಕರಿಮಣ್ಣು. ಒಂದು ಮಳೆ ಬಿತ್ತೆಂದರೆ ಅದು ಇದ್ದಲ್ಲಿ ಇರುವುದಿಲ್ಲ, ಕಾಲಿಗೆ ಹತ್ತಿಕೊಂಡು ಮನೆತನಕ ಬರುತ್ತದೆ. ಮೋಟರ್ ಸೈಕಲ್ಲುಗಳು ಹೂತು ನಿಲ್ಲುತ್ತವೆ. ಹೊಲಗಳಲ್ಲೇ ಮನೆ ಮಾಡಿಕೊಂಡು ಎಮ್ಮೆ ಕಟ್ಟಿದ ಹನ್ನೊಂದು ಕುಟುಂಬಗಳ ಹಾಲು ಮಳೆಗಾಲದಲ್ಲಿ ಊರಿನ ಡೇರಿಗೆ ಮುಟ್ಟಬೇಕಾದರೆ ರತ್ನವ್ವನ ಜೀಪೇ ಆಗಬೇಕು. ಜೀಪು ನಿಂತರೆ ಹನ್ನೊಂದು ಮನೆಯ ಹಾಲು ನಿಲ್ಲುತ್ತದೆ. ಅವಳಿಗೆ ಮಾತ್ರ ಅದಕ್ಕಿಂತ ಹೆಚ್ಚಿನದೊಂದು ನಿಲ್ಲುತ್ತದೆ. ಮುಂಜಾನೆಯ ಮಂಜಿನಲ್ಲಿ ಸಣ್ಣ ಗೇರು ಹಾಕಿ ಜೀಪು ನಿಧಾನಕ್ಕೆ ಹೊರಟಾಗ, ಹಿಂದೆ ಕ್ಯಾನುಗಳು ಒಂದಕ್ಕೊಂದು ತಾಗಿ ಸಣ್ಣಗೆ ಮಾತಾಡುವಾಗ, ಹೆಸರುಕಾಳಿನ ಹೊಲ, ಹತ್ತಿಯ ಹೊಲ, ಒಂಟಿ ಬನ್ನಿಮರ ಎಲ್ಲವೂ ತಾವೇ ನಡೆದು ಬಂದು ಹಿಂದೆ ಸರಿಯುವಾಗ, ರತ್ನವ್ವ ಎಚ್ಚರದಲ್ಲೇ ಒಂದು ಕನಸು ಕಾಣುತ್ತಿದ್ದಳು. ಅದರಲ್ಲಿ ಏನೂ ನಡೆಯುತ್ತಿರಲಿಲ್ಲ. ಎಂಜಿನ್ನಿನ ಸದ್ದು ಒಂದೇ ಸಮನೆ ಇರುತ್ತಿತ್ತು, ಅಷ್ಟೇ. ಆ ಹೊತ್ತಿನ ಬಗ್ಗೆ ಅವಳು ಯಾರ ಹತ್ತಿರವೂ ಹೇಳಿರಲಿಲ್ಲ. ಹೇಳಿದರೆ ಕುಬೇರಪ್ಪ ನಗುತ್ತಿದ್ದ.

ಜೀಪಿನ ನಾಡಿ ಬಲ್ಲವನು ಹಳೇ ಹುಬ್ಬಳ್ಳಿಯ ಅಜೀಮ ಮಿಸ್ತ್ರಿ. ಅವನ ಗ್ಯಾರೇಜು ಇರುವ ಓಣಿಗೆ ಜೀಪು ಹೊಕ್ಕರೆ ಎರಡೂ ಬದಿಯ ಕಟ್ಟೆಯ ಮೇಲೆ ಕೂತವರು ಕಾಲು ಮೇಲೆತ್ತಿಕೊಳ್ಳಬೇಕು. ಈ ಎಂಜಿನ್ನಿನ ಒಳಗೆ ತಿರುಗುವ ಕ್ರ್ಯಾಂಕ್ ದಂಡ ಕೆಟ್ಟರೆ ಮತ್ತೊಂದು ಸಿಗುವುದಿಲ್ಲ, ಅಂದಿಗೆ ಇದು ಗುಜರಿಯವನ ಪಾಲು ಎಂದು ಅವನು ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದ. ಈಗ ಎರಡು ವರ್ಷದಿಂದ ಅವನ ಕೈ ನಡುಗುತ್ತಿತ್ತು. ಕಿವಿ ಅವನದು, ಕೈ ಅವನ ಮಗಳು ಆರ್ಜೂಳದು ಎಂಬಂತಾಗಿತ್ತು. ಆರ್ಜೂ ಮೋಟಾರು ವಿದ್ಯೆಯಲ್ಲಿ ಡಿಪ್ಲೊಮಾ ಮಾಡಿದ ಹುಡುಗಿ, ಇಪ್ಪತ್ತಾರು ವರ್ಷದವಳು. ಅಪ್ಪನ ಹಳೆಯ ಅಂಗಿಯನ್ನು ಮೇಲೆ ತೊಟ್ಟು, ಓಢಣಿ ಸೊಂಟಕ್ಕೆ ಬಿಗಿದು ಜೀಪಿನ ಕೆಳಗೆ ಜಾರಿದಳೆಂದರೆ ಅರ್ಧ ತಾಸು ಮಾತಿಗೆ ಸಿಗುತ್ತಿರಲಿಲ್ಲ.

ರೋಹಿಣಿ ಮಳೆ ಇನ್ನೂ ಬಿದ್ದಿರಲಿಲ್ಲ. ಮಳೆಗಾಲಕ್ಕೆ ಮೊದಲು ಎಣ್ಣೆ ಬದಲಿಸುವುದು ಪದ್ಧತಿ. ಅಮ್ಮಿನಬಾವಿಯಿಂದ ಓಡಿ ಬಂದ ಎಂಜಿನ್ನು ಕೆಂಡದಂತಿರುವಾಗಲೇ ಆರ್ಜೂ ಕೆಳಗಿನ ನಟ್ಟು ಬಿಚ್ಚಿದಳು. ಹಬೆಯಾಡುವ ಕರೀ ಎಣ್ಣೆ ತಗಡಿನ ಬುಟ್ಟಿಗೆ ಸುರಿಯಿತು. ರತ್ನವ್ವನಿಗೆ ಇದು ಯಾವಾಗಲೂ ಸೇರದ ಕೆಲಸ. ಬಿಸಿ ಎಣ್ಣೆಯನ್ನು ಮುಟ್ಟಬಾರದು, ಅದು ತಣಿಯಬೇಕು, ಮಲಗಬೇಕು. ಆದರೆ ಇವರ ಮನೆಯ ಪದ್ಧತಿ ಇವರದು ಎಂದು ಅವಳು ಬಾಯಿ ಬಿಡಲಿಲ್ಲ.

ಯಾವ ಎಣ್ಣೆ ಎಂಬ ಮಾತು ಬಂತು. ಅಂಗಡಿಯವರು ಈಗ ತೆಳುವಾದ, ದುಬಾರಿಯ ಎಣ್ಣೆಯನ್ನೇ ಹೊಗಳುತ್ತಾರಲ್ಲ, ಅದನ್ನೇ ಹಾಕಿದರೆ ಹೇಗೆ ಎಂದು ಕುಬೇರಪ್ಪ ಕೇಳಿದ. ಆರ್ಜೂ ನಕ್ಕಳು.

"ಮುತ್ತ್ಯಾಗ ಮೊಮ್ಮಗನ ಬೂಟ ಹಾಕಿದಂಗ ಆಗ್ತೈತ್ರಿ ಸಾವಕಾರ್ರ. ಹಳೇ ಎಂಜಿನ್ನು, ಸಂದಿ ಎಲ್ಲಾ ಸಡಲ ಆಗ್ಯಾವ. ತೆಳು ಎಣ್ಣಿ ಸೋರಿ ಹೊಕ್ಕೇತಿ. ಇದಕ್ಕ ಫಿಫ್ಟೀನ್ ಫಾರ್ಟಿ ನಂಬರಿನ ಎಣ್ಣಿ ಸಾಕು, ಡೀಸಲ್ ಗಾಡೀದು."

ಮುಚ್ಚಿದ ಡಬ್ಬಿಯನ್ನು ಅವಳು ಎಲ್ಲರ ಮುಂದೆಯೇ ಒಡೆದಳು. ಎಣ್ಣೆ ಜೇನಿನ ಹಾಗೆ ಮಡಿಕೆ ಮಡಿಕೆಯಾಗಿ ಇಳಿಯಿತು. ರತ್ನವ್ವ ಒಂದು ಹನಿ ಬೆರಳಿಗೆ ತೆಗೆದುಕೊಂಡು ತಿಕ್ಕಿ ನೋಡಿದಳು. ಕುಸುಬಿಯದಲ್ಲ, ಶೇಂಗಾದ್ದಲ್ಲ, ಆದರೂ ಒಳ್ಳೆಯ ಮನೆತನದ ಎಣ್ಣೆ ಅನ್ನಿಸಿತು. ಅಂದು ದಾರಿಯುದ್ದಕ್ಕೂ ಅವಳ ಮನಸ್ಸು ಹಗುರಾಗಿತ್ತು.

ಮರುದಿನ ಹಾಲಿನ ಸುತ್ತು ಮುಗಿಸಿ ಬಂದು, ಎಂಜಿನ್ನಿನ ಎಣ್ಣೆ ಅಳೆಯುವ ಗೇಜಿನ ಕಡ್ಡಿ ಎಳೆದು ನೋಡಿದರೆ, ಕಡ್ಡಿಗೆ ಹತ್ತಿದ್ದು ಕಾಡಿಗೆ.

ಅವಳು ಅರಿವೆಯಿಂದ ಒರೆಸಿ ಮತ್ತೆ ಅದ್ದಿದಳು. ಮತ್ತೆ ಕಾಡಿಗೆ. ನಿನ್ನೆ ಜೇನಿನಂತಿದ್ದದ್ದು ಒಂದು ರಾತ್ರಿ, ಒಂದು ಮುಂಜಾನೆಯಲ್ಲಿ ಹೀಗಾಗುವುದುಂಟೇ? ಗಾಣಿಗರ ಮನೆಯಲ್ಲಿ ಇದಕ್ಕೆ ಒಂದೇ ಅರ್ಥ. ಒಳ್ಳೆಯದರಲ್ಲಿ ಹಳೆಯದನ್ನು ಬೆರೆಸಿದ್ದಾರೆ. ಬೆರೆಸಿದ ಎಣ್ಣೆ ಮಾರಿದ ಗಾಣಿಗನ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ, ಹೆಣ್ಣು ತರುತ್ತಿರಲಿಲ್ಲ. ಅಜೀಮ ಹಾಗೆ ಮಾಡುವವನಲ್ಲ. ಅವನ ಕೈಯೇ ಬೇರೆ. ಆದರೆ ಈಗ ಕೈ ಅವನದಲ್ಲವಲ್ಲ. ಡಬ್ಬಿ ಒಡೆದದ್ದು ಕಣ್ಣಾರೆ ಕಂಡದ್ದು ಹೌದು. ನಡುವೆ ತಾನು ಚಹಾಕ್ಕೆ ಎದ್ದು ಹೋದದ್ದೂ ಹೌದು.

ಎರಡು ದಿನ ಅದನ್ನು ಮನಸ್ಸಿನಲ್ಲಿಟ್ಟು, ಮೂರನೆಯ ದಿನ ಫೋನು ಮಾಡಿದಳು. ರತ್ನವ್ವ ದನಿ ಎತ್ತಿದವಳಲ್ಲ, ಅಂದೂ ಎತ್ತಲಿಲ್ಲ.

"ಆರ್ಜೂ, ನೀ ಹಾಕಿದ ಎಣ್ಣಿ ಹೊಸಾದ ಹೌದಿಲ್ಲವಾ?"

"ಹೌದಲ್ಲ ಆಯಿ. ನಿಮ್ಮ ಮುಂದನ ಡಬ್ಬಿ ಒಡದೆ. ಕರ್ರಗಾಗೇತೇನು? ಡೀಸಲ್ ಗಾಡ್ಯಾಗ ಅದು ಹಂಗ..."

"ಇರ್ಲಿ ಬಿಡವಾ," ಎಂದಳು ರತ್ನವ್ವ, ಮಗುವನ್ನು ಸಮಾಧಾನ ಮಾಡುವವಳ ಹಾಗೆ. "ಅಪ್ಪಗೇನ ಹೇಳಬ್ಯಾಡ. ನಾನೂ ಹೇಳೂದಿಲ್ಲ."

ಬೈದಿದ್ದರೆ ಆ ಹುಡುಗಿ ತಿರುಗಿ ಬೈದು ಹಗುರಾಗುತ್ತಿದ್ದಳೇನೋ. ಕ್ಷಮಿಸಿಬಿಟ್ಟದ್ದಕ್ಕೆ ಅವಳು ಫೋನು ಇಟ್ಟುಬಿಟ್ಟಳು.

ಆಮೇಲೆ ರತ್ನವ್ವ ತಾನೇ ಧಾರವಾಡಕ್ಕೆ ಹೋಗಿ, ಪೀಪಾಯಿಯಿಂದ ಬಿಡಿಯಾಗಿ ಎಣ್ಣೆ ಅಳೆದು ಕೊಡುವ ಒಂದು ಅಂಗಡಿ ಹುಡುಕಿದಳು. ಅಂಗಡಿಯವನು ಮೋಸದವನೇನಲ್ಲ. ಯಾವ ಎಂಜಿನ್ನಿಗೆ ಎಂದು ಕೇಳಿದ. ಡೀಸೆಲ್ ಎಂಜಿನ್ನಿಗೆ ಎಂದಳು. ಹಳ್ಳಿಯಿಂದ ಬಂದ ಮುದುಕಿ, ನೀರೆತ್ತುವ ಎಂಜಿನ್ನು ಇರಬೇಕೆಂದು ಅವನು ಅದರ ಎಣ್ಣೆಯನ್ನೇ ಅಂಗೈ ಮೇಲೆ ಹನಿಸಿ ತೋರಿಸಿದ. ಅವಳು ತಿಕ್ಕಿದಳು, ಮೂಸಿದಳು, ಬಿಸಿಲಿಗೆ ಹಿಡಿದಳು. ಅಪ್ಪಟ ಹೊನ್ನಿನ ಬಣ್ಣ. ಒಪ್ಪಿದಳು.

ಬದಲಿಸುವ ಕೆಲಸವನ್ನೂ ತವರಿನ ಪದ್ಧತಿಯಂತೆಯೇ ಮಾಡಿದಳು. ಇನ್ನೂ ಮಳೆ ಇರಲಿಲ್ಲವಾದ್ದರಿಂದ ಹಾಲಿನವರಿಗೆ ಹೇಳಿ, ಜೀಪನ್ನು ಎರಡು ದಿನ ಕೊಟ್ಟಿಗೆಯಲ್ಲಿ ಅಲುಗಾಡಿಸದೆ ನಿಲ್ಲಿಸಿದಳು. ಒಳಗಿನ ಎಣ್ಣೆ ತಣಿದು, ಮಲಗಿ, ತಿಳಿಯಾಗಲಿ ಎಂದು. ಮೂರನೆಯ ಮುಂಜಾನೆ ತಂಪು ಹೊತ್ತಿನಲ್ಲಿ ನಟ್ಟು ಬಿಚ್ಚಿ, ಒಂದಿಷ್ಟೂ ಕದಡದಂತೆ ಮೆಲ್ಲಗೆ ಇಳಿಸಿದಳು. ಗಾಣದಲ್ಲಿ ಇದು ಸರಿ. ಎಂಜಿನ್ನಿನಲ್ಲಿ ಮಾತ್ರ, ಎರಡು ದಿನ ಮಲಗಿದ್ದ ಎಣ್ಣೆ ತನ್ನ ಹೊರೆಯನ್ನೆಲ್ಲ ಒಳಗೇ ಇಳಿಸಿಟ್ಟು, ತಾನೊಂದೇ ಹೊರಗೆ ಬಂತು. ಅದು ಅವಳಿಗೆ ಗೊತ್ತಾಗಲಿಲ್ಲ. ನಡುವಿನ ಕಸ ತಡೆಯುವ ಫಿಲ್ಟರನ್ನೂ, ಹೊಸದೇ ಇದೆಯಲ್ಲ ಎಂದು, ಅವಳು ಮುಟ್ಟಲಿಲ್ಲ.

ಹೊಸ ಎಣ್ಣೆ ಕಪ್ಪಾಗಲಿಲ್ಲ. ಮಿರಗದ ಮಳೆ ಬಂತು, ಕಡ್ಡಿಗೆ ಹತ್ತಿದ್ದು ಹೊನ್ನು. ಆರಿದ್ರಾ ಬಂತು, ಹೊನ್ನು ತುಸು ಕಂದಿ ಬೆಲ್ಲದ ಪಾಕವಾಯಿತು, ಅಷ್ಟೇ. ದಿನಾ ಬೆಳಿಗ್ಗೆ ಕಡ್ಡಿಯನ್ನು ಬೆಳಕಿಗೆ ಹಿಡಿದು ಅವಳು ಕುಬೇರಪ್ಪನಿಗೆ ತೋರಿಸುತ್ತಿದ್ದಳು. ಅವನಿಗೆ ಕಡ್ಡಿಯೇ ಸರಿಯಾಗಿ ಕಾಣುತ್ತಿರಲಿಲ್ಲ.

"ಎಣ್ಣಿ ಛಲೋ ಕಾಣತೈತಿ," ಎಂದ ಅವನು ಒಂದು ದಿನ, "ಎಂಜಿನ್ ಏನ ಅಂತೈತಿ ಕೇಳಿಯೇನು? ನನಗ ಕಣ್ಣ ಇಲ್ಲ, ನಿನಗ ಕಿವಿ ಇಲ್ಲ. ಛಲೋ ಜೋಡಿ."

ರತ್ನವ್ವ ನಕ್ಕಳು. ಆದರೆ ಮಾತು ಒಳಗೆ ಉಳಿಯಿತು. ಪುನರ್ವಸು ಮಳೆಯ ಹೊತ್ತಿಗೆ ಆ ಒಂದೇ ಸಮನೆಯ ಸದ್ದಿನ ಹಿಂದೆ ಇನ್ನೊಂದು ಸದ್ದು ಬಂದು ಕೂತಿತ್ತು. ದೂರದಲ್ಲಿ ಯಾರೋ ಸಣ್ಣ ಸುತ್ತಿಗೆಯಿಂದ ಹಿತ್ತಾಳೆ ಬಡಿಯುತ್ತಿರುವ ಹಾಗೆ. ಕನಸು ಮುರಿಯುತ್ತಿರಲಿಲ್ಲ, ಆದರೆ ಅದರೊಳಗೆ ಈ ಕಂಚುಗಾರ ಬಂದು ಕೂತು ಬಡಿಯುತ್ತಿದ್ದ. ಮಳೆಯ ತಂಪಿಗೆ ಹೀಗಾಗಿದ್ದೀತು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹುಬ್ಬಳ್ಳಿಗೆ ಹೋಗಿ ಕೇಳಬಹುದಿತ್ತು. ಯಾವ ಮುಖ ಹೊತ್ತು ಹೋಗುವುದು ಎಂಬುದಲ್ಲ, ಆ ಹುಡುಗಿಗೆ ಮುಜುಗರ ಯಾಕೆ ಎಂದು ಅವಳು ಹೋಗಲಿಲ್ಲ. ಅಷ್ಟು ದೊಡ್ಡ ಮನಸ್ಸು ಮಾಡಿದ್ದಳು.

ಪುಷ್ಯ ಮಳೆ ಹಿಡಿದು ಮೂರನೆಯ ಮುಂಜಾನೆ. ಒಂಬತ್ತು ಮನೆಯ ಹಾಲು ತುಂಬಿತ್ತು. ಹಾಲು ಹಾಕುವವರಲ್ಲೊಬ್ಬನಾದ ಅರ್ಜುನಪ್ಪನ ಹೊಲದ ತಿರುವಿನಲ್ಲಿ ಕಂಚುಗಾರ ಒಮ್ಮೆಲೇ ಜೋರಾದ. ರತ್ನವ್ವ ಮುಂದಿನ ಮೀಟರುಗಳ ಕಡೆ ನೋಡಿದಳು. ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಬಿದ್ದುಹೋಗಿತ್ತು. ಎಂಜಿನ್ನು ಇನ್ನೂ ಓಡುತ್ತಿತ್ತು. ಇನ್ನೊಂದು ಮೈಲಿ ಓಡಿಸಿದರೆ ಡಾಂಬರು ರಸ್ತೆ, ಡೇರಿ, ಹಾಲು ಕೆಡುವುದಿಲ್ಲ. ಆದರೆ ಎಣ್ಣೆ ಮುಟ್ಟದ ಎಂಜಿನ್ನಿನಲ್ಲಿ ಒಂದು ಮೈಲಿಯೆಂದರೆ ಎಷ್ಟು ಎಂದು ಅಜೀಮ ಹೇಳಿದ್ದು ನೆನಪಿತ್ತು. ಒಣ ಗಾಣದಲ್ಲಿ ಎತ್ತು ಓಡಿಸಿದ ಹಾಗೆ, ಕಲ್ಲು ಕಲ್ಲನ್ನೇ ತಿನ್ನುತ್ತದೆ. ಅವಳು ಎಂಜಿನ್ನು ನಿಲ್ಲಿಸಿದಳು.

ಮಳೆಯ ಸದ್ದು ಎಲ್ಲಿಂದಲೋ ಬಂದು ಜೀಪಿನೊಳಗೆ ಕೂತಿತು.

ಪಕ್ಕದಲ್ಲಿ ಕೂತಿದ್ದ ಕುಬೇರಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅದನ್ನು ನೋಡಿ ಅವಳಿಗೆ ಹೆದರಿಕೆಯಾಯಿತು. ಗುಜರಿಯವನ ತೂಕದ ಕಲ್ಲು, ಕೊಟ್ಟಿಗೆಯಲ್ಲಿ ಖಾಲಿಯಾದ ದುಂಡು ನೆಲ, ಮುಂಜಾನೆ ಎದ್ದು ಏನೂ ಮಾಡಲಿಲ್ಲದ ತಾನು, ಎಲ್ಲವೂ ಗಾಜಿನ ಮೇಲಿನ ನೀರಿನಲ್ಲಿ ಕಂಡು ಹರಿದುಹೋದವು.

ಅರ್ಜುನಪ್ಪ ಕಂಬಳಿ ಕೊಪ್ಪೆ ಹಾಕಿಕೊಂಡು ಬಂದ. ಮಗನ ಕೈಯಲ್ಲಿ ಚಕ್ಕಡಿ ಕೊಟ್ಟು ಹಾಲಿನ ಕ್ಯಾನುಗಳನ್ನು ಮುಂದೆ ಕಳಿಸಿದ. ಇನ್ನೊಂದು ಜೋಡಿ ಎತ್ತನ್ನು ಹಗ್ಗದಿಂದ ಜೀಪಿನ ಮುಂದಿನ ಕೊಂಡಿಗೆ ಕಟ್ಟಿದ. ಕಟ್ಟುತ್ತಾ, ನಗು ತಡೆಯಲಾರದೆ ಕೇಳಿದ.

"ರತ್ನಕ್ಕಾ, ನಾಕೂ ಗಾಲಿ ಎಳಿತಾವ ಅಂತಿದ್ದಿ. ಈಗ ಎಂಟ ಕಾಲ ಬೇಕಾದ್ವಲ್ಲ?"

"ಎಳಸಪಾ," ಎಂದಳು ರತ್ನವ್ವ. "ನಿನ್ನ ಎತ್ತಿಗೆ ಡೀಸಲ್ ಹಾಕಸ್ತೇನಿ."

ಎತ್ತುಗಳು ಹೆಜ್ಜೆ ಇಟ್ಟವು. ಎಂಜಿನ್ನಿಲ್ಲದ ಜೀಪು ಮೆಲ್ಲಗೆ, ನೀರಿನ ಮೇಲಿನ ದೋಣಿಯಂತೆ, ಎರೆಯಲ್ಲಿ ಜಾರತೊಡಗಿತು. ಸ್ಟೇರಿಂಗ್ ಅವಳ ಕೈಯಲ್ಲಿತ್ತು, ಹೋಗುವುದು ಮಾತ್ರ ಅವಳ ಕೈಯಲ್ಲಿರಲಿಲ್ಲ. ಕೊರಳ ಗೆಜ್ಜೆ ಒಂದೇ ಅಳತೆಯಲ್ಲಿ ನುಡಿಯಿತು. ಮಂಜು, ಮಳೆ, ಎರಡು ಎತ್ತಿನ ಒದ್ದೆ ಬೆನ್ನು. ನೇರ ಹೋಗುತ್ತಿದ್ದರೂ ಸುತ್ತುತ್ತಿದ್ದೇವೆ ಅನ್ನಿಸಿತು ಅವಳಿಗೆ, ನಡುವೆ ಎಲ್ಲೋ ಗಾಣದ ಕಲ್ಲಿದೆ, ತಾನು ಅದರ ಹಲಗೆಯ ಮೇಲೆ ಕೂತ ಏಳು ವರ್ಷದ ಹುಡುಗಿ, ಎತ್ತು ನಿಲ್ಲದಂತೆ ನೋಡಿಕೊಳ್ಳುವುದು ತನ್ನ ಕೆಲಸ. ಕುಸುಬಿ ಅರೆಯುವ ಬೆಚ್ಚಗಿನ ಕಹಿ ವಾಸನೆ ಬಂತು. ಮೂಲೆಯಲ್ಲಿ ಹಂಡೆಯ ಎಣ್ಣೆ ಮಲಗಿತ್ತು. ಅಜ್ಜಿ ಬಾಯ ಮೇಲೆ ಬೆರಳಿಟ್ಟು ಸುಮ್ಮನಿರು ಎಂದಳು. ಹುಡುಗಿ ಸುಮ್ಮನಿದ್ದಳು. ಹಂಡೆಯ ತಳದಲ್ಲಿ ಏನೋ ಮಿಸುಕಿತು, ಆದರೆ ಯಾರೂ ಮಾತಾಡಬಾರದಾಗಿತ್ತು.

ಜೀಪು ಕೊಟ್ಟಿಗೆಯ ಮುಂದೆ ನಿಂತಾಗ ಅವಳು ಬೆಚ್ಚಿದಳು. ಒಳಗೆ ಹೋದವಳೇ ಫೋನು ತೆಗೆದು ಹಳೇ ಹುಬ್ಬಳ್ಳಿಗೆ ಹಚ್ಚಿದಳು. ಎತ್ತಿದವಳು ಆರ್ಜೂ. ಮುಳ್ಳು ಬಿದ್ದ ಸುದ್ದಿಯನ್ನು ರತ್ನವ್ವ ಹೇಳಿದಳು. ಎಂಜಿನ್ನು ಕೂಡಲೇ ನಿಲ್ಲಿಸಿದಿರೋ, ಓಡಿಸಿದಿರೋ ಎಂಬುದೊಂದನ್ನೇ ಆರ್ಜೂ ಕೇಳಿದಳು. ನಿಲ್ಲಿಸಿದೆ ಎಂದ ಮೇಲೆ, ಮುಟ್ಟಬೇಡಿರಿ, ಬರುತ್ತೇವೆ ಎಂದಳು. ಆಯಿ ಎನ್ನಲಿಲ್ಲ.

ಹನ್ನೊಂದರ ಹೊತ್ತಿಗೆ ತಂದೆ ಮಗಳು ಸ್ಕೂಟರಿನ ಮೇಲೆ ಬಂದರು. ಅಜೀಮ ಮಿಸ್ತ್ರಿ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತ. ಆರ್ಜೂ ಮೊದಲು ಕಡ್ಡಿ ಎಳೆದು ನೋಡಿದಳು. ಹೊಳೆಯುವ ಕಡ್ಡಿಯನ್ನು ಒರೆಸಿ ತಿರುಗಿ ಒಳಗಿಟ್ಟು ಜೀಪಿನ ಕೆಳಗೆ ಜಾರಿದಳು. ಎಣ್ಣೆ ಇಳಿಸಿ, ಇಪ್ಪತ್ತು ಚಿಲ್ಲರೆ ಬೋಲ್ಟು ಬಿಚ್ಚಿ, ಎಂಜಿನ್ನಿನ ತಳದ ಕಬ್ಬಿಣದ ತಟ್ಟೆಯನ್ನು, ಅವರು ಚೇಂಬರು ಅನ್ನುವುದನ್ನು, ಎದೆಯ ಮೇಲಿಟ್ಟುಕೊಂಡು ಹೊರಗೆ ಜಾರಿ ಬಂದಳು. ಅದನ್ನು ರತ್ನವ್ವನ ಕಾಲ ಹತ್ತಿರ ಇಟ್ಟಳು.

ತಳದಲ್ಲಿ ಎರಡು ಬೆರಳು ದಪ್ಪ ಗಸಿ ಕೂತಿತ್ತು. ಹಂಡೆಯ ತಳದಲ್ಲಿ ಕೂಡುವಂಥದೇ. ಕಪ್ಪು, ಮೆತ್ತಗೆ, ಕೆನೆಗಟ್ಟಿದ್ದು. ಎಣ್ಣೆಯನ್ನು ಮೇಲಕ್ಕೆ ಹೀರಿಕೊಳ್ಳುವ ನಳಿಗೆಯ ಬಾಯಿಯ ಜಾಳಿಗೆಗೆ ಅದು ಹಿಟ್ಟಿನಂತೆ ಮೆತ್ತಿತ್ತು. ಅದರೊಳಗಿಂದ ಉಸಿರೂ ದಾಟುವಂತಿರಲಿಲ್ಲ. ರತ್ನವ್ವನಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಅವಳು ಹುಟ್ಟಿದಂದಿನಿಂದ ನೋಡಿದ್ದು ಅದು. ಎಣ್ಣೆ ಯಾಕೆ ತಿಳಿಯಾಗಿತ್ತು, ಕಸ ಎಲ್ಲಿಗೆ ಹೋಯಿತು ಎಂದು ಕೇಳದೆ ಇದ್ದವಳು ತಾನೇ.

ಆರ್ಜೂ ಕೈ ಒರೆಸಿಕೊಳ್ಳುತ್ತ, ಅವಳ ಕಡೆ ನೋಡದೆ ಹೇಳಿದಳು.

"ನಾ ಹಾಕಿದ ಎಣ್ಣಿ ಹೊಲಸಾಗಿರಲಿಲ್ಲರಿ ಅಮ್ಮಾರ. ಹೊಲಸ ಹೊತ್ತಿತ್ತು. ಹೊರೂದ ಅದರ ಕೆಲಸ. ಎಂಜಿನ್ನಿನ ಮಸೀನೆಲ್ಲಾ ಮೈಮ್ಯಾಲ ತಗೊಂಡು ತೇಲಸ್ಕೊಂಡ ಇರ್ತೈತಿ, ಕೂಡಾಕ ಬಿಡೂದಿಲ್ಲ. ಬಿಸಿ ಇದ್ದಾಗ ಇಳಿಸಿದ್ರ ಎಲ್ಲಾನೂ ಹೊತ್ತಕೊಂಡ ಹೊರಗ ಬರ್ತೈತಿ. ಈ ಎಣ್ಣಿ ತನ್ನ ಮೈಗೆ ಏನೂ ಹಚ್ಚಕೊಳ್ಳಿಲ್ಲ. ಅದಕ್ಕ ಚಂದ ಕಂಡೈತಿ."

ಅಜೀಮ ಮಿಸ್ತ್ರಿ ಮಗಳನ್ನೂ ರತ್ನವ್ವನನ್ನೂ ನೋಡಿದ. ಎಣ್ಣೆ ಬದಲಾದದ್ದು ಯಾವಾಗ, ಯಾಕೆ, ಅವನಿಗೆ ಗೊತ್ತಿರಲಿಲ್ಲ. ಕುಬೇರಪ್ಪ ಕೆಮ್ಮಿ ಏನೋ ಹೇಳಲು ಹೊರಟ. ರತ್ನವ್ವ ಕೈ ಎತ್ತಿ ತಡೆದಳು.

"ಅಪ್ಪಗ ಹೇಳಬ್ಯಾಡ ಅಂದಿದ್ನೆಲ್ಲವಾ," ಎಂದಳು ಆರ್ಜೂಗೆ, "ಈಗ ನಾನ ಹೇಳ್ತೇನಿ."

ಹೇಳಿದಳು. ಎಣ್ಣೆ ಕಪ್ಪಾದದ್ದು, ತಾನು ಅನುಮಾನ ಪಟ್ಟದ್ದು, ಬೆರೆಸಿದ್ದಾಳೆ ಎಂದುಕೊಂಡದ್ದು, ಫೋನಿನಲ್ಲಿ ಆಡಿದ ಮಾತು, ಆಮೇಲೆ ಎರಡು ತಿಂಗಳು ದೊಡ್ಡ ಮನಸ್ಸಿನವಳಂತೆ ಉಳಿದದ್ದು, ಒಂದನ್ನೂ ಬಿಡದೆ. ನಿಂತೇ ಹೇಳಿದಳು. ಮಳೆ ಹಂಚಿನ ಮೇಲೆ ಸುರಿಯುತ್ತಿತ್ತು. ಮುಗಿದ ಮೇಲೆ ಅಜೀಮ ಕೂತಲ್ಲಿಂದಲೇ ಮಗಳ ಕಡೆ ಬೆರಳು ಮಾಡಿದ.

"ಈಕಿ ಎರಡ ತಿಂಗಳ ನನ್ನ ಮ್ಯಾಲೆ ಯಾಕ ಹರಿಹಾಯತಿದ್ಲು ಅಂತ ಈಗ ಗೊತ್ತಾತ ನೋಡ್ರಿ ಅಕ್ಕಾರ," ಎಂದ. "ಚಹಾದಾಗ ಸಕ್ಕರಿ ಸೈತ ಬಂದ್ ಆಗಿತ್ತು ನಂದು."

ಆರ್ಜೂ ನಗಲಿಲ್ಲ. ಮತ್ತೆ ಕೆಳಗೆ ಜಾರಿದಳು. ಬೋಲ್ಟು ಬಿಚ್ಚುವ ಪಾನಾ ತಿರುಗುವ ಸದ್ದು ಕೇಳಿಸಿತು. ಕ್ರ್ಯಾಂಕನ್ನು ಅಪ್ಪಿ ಹಿಡಿದಿರುವ ಬೇರಿಂಗಿನ ಅರ್ಧ ಹೋಳೊಂದನ್ನು ಬಿಚ್ಚಿ, ಒರೆಸಿ, ಕೆಳಗಿನಿಂದಲೇ ಕೈ ಚಾಚಿ ಕೊಟ್ಟಳು. ಬಳೆಯ ಚೂರಿನಂಥ ಬೂದು ಲೋಹ.

"ಬೆರಳ ಆಡಿಸಿ ನೋಡ್ರಿ. ನನ್ನ ಬೆರಳ ಗ್ರೀಸಿನಾಗ ಸತ್ತಾವ. ನಿಮ್ಮವು ನಿಜಾ ಹೇಳತಾವ."

ಚಿಕ್ಕಂದಿನಿಂದ ಎಣ್ಣೆ ತಿಕ್ಕಿ ನೋಡಿದ ಬೆರಳು ಅದು. ರತ್ನವ್ವ ಕಣ್ಣು ಮುಚ್ಚಿ ಹೋಳಿನ ಒಳಮೈ ಮೇಲೆ ಉಗುರು ಹಾಯಿಸಿದಳು. ನುಣುಪು, ನುಣುಪು, ಒಂದು ಕಡೆ ಕೂದಲೆಳೆಯಷ್ಟು ತಡೆ, ಮತ್ತೆ ನುಣುಪು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಒಂದು ಗೆರೆ ಐತಿ. ಎಷ್ಟು ಆಳ ಎಂದು ಅಜೀಮ ಕೇಳಿದ. ಉಗುರು ನಿಲ್ಲುವಷ್ಟಲ್ಲ, ತಿಳಿಯುವಷ್ಟು ಎಂದಳು. ಅವನು ತಲೆಯಾಡಿಸಿದ. ಅಷ್ಟಿದ್ದರೆ ನಡೆದರೂ ನಡೆದೀತು. ಎಂಜಿನ್ನು ಹಚ್ಚಿದಾಗ ಮುಳ್ಳು ಎದ್ದರೆ ಇನ್ನೂ ಕೆಲವು ವರ್ಷ, ಏಳದಿದ್ದರೆ ಇಂದೇ ಕೊನೆ. ಅದಕ್ಕಿಂತ ಹೆಚ್ಚು ತಾನು ಹೇಳಲಾರೆ ಎಂದ.

ಚೇಂಬರನ್ನು ಸೀಮೆಎಣ್ಣೆಯಿಂದ ತೊಳೆಯುವ ಕೆಲಸವನ್ನು ರತ್ನವ್ವ ಯಾರಿಗೂ ಬಿಟ್ಟುಕೊಡಲಿಲ್ಲ. ಜಾಳಿಗೆಯ ಒಂದೊಂದು ಕಣ್ಣನ್ನೂ ಹಲ್ಲುಜ್ಜುವ ಬ್ರಷ್ಷಿನಿಂದ ಬಿಡಿಸಿದಳು. ಮಧ್ಯಾಹ್ನ ಎಲ್ಲರಿಗೂ ರೊಟ್ಟಿ, ಹೆಸರುಕಾಳಿನ ಪಲ್ಯ ಆಯಿತು. ಆರ್ಜೂ ಬೇರಿಂಗಿನ ಹೋಳನ್ನು ತಿರುಗಿ ಕೂಡಿಸಿ, ಹೊಸ ಗ್ಯಾಸ್ಕೆಟ್ ಇಟ್ಟು ಚೇಂಬರು ಮೇಲೇರಿಸಿದಳು, ಹೊಸ ಫಿಲ್ಟರ್ ಬಿಗಿದಳು. ತಾನು ತಂದಿದ್ದ ಡಬ್ಬಿಗಳನ್ನು ಸಾಲಾಗಿ ಇಟ್ಟು, ಯಾವುದು ಹಾಕಲಿ ಎಂದು ಕೇಳಿದಳು. ಒಂದು ಹಿಂದಿನದೇ ಎಣ್ಣೆ. ಇನ್ನೊಂದು ಅದಕ್ಕಿಂತ ದಪ್ಪನೆಯದು, ಸವೆದ ಎಂಜಿನ್ನಿಗೆ ಕೆಲವರು ಹಾಕುವಂಥದು.

ರತ್ನವ್ವ ಬೆರಳು ಮುಂದೆ ಮಾಡಲಿಲ್ಲ. "ನನಗ ಕಣ್ಣಿಗೆ ಕಾಣೂದಷ್ಟ ಗೊತ್ತವಾ. ನೀ ಹೇಳು."

ಹಿಂದಿನದನ್ನೇ ಆರ್ಜೂ ಆರಿಸಿದಳು. ಮೊದಲು ಒಂದು ಸಲ ಹಾಕಿ, ಅರ್ಧ ತಾಸು ಓಡಿಸಿ, ಉಳಿದ ಗಸಿಯನ್ನು ಹೊತ್ತು ತಂದ ಮೇಲೆ ಬಿಸಿ ಇರುವಾಗಲೇ ಚೆಲ್ಲುವುದು, ಆಮೇಲೆ ಮತ್ತೆ ಅದನ್ನೇ ತುಂಬುವುದು. ಒಂದು ಡಬ್ಬಿ ತೊಳೆಯುವುದಕ್ಕೆ ಹೋಗುತ್ತದೆ, ಹೋಗಲಿ ಎಂದಳು.

ಎಣ್ಣೆ ಎಂಜಿನ್ನಿನ ಹೊಟ್ಟೆ ಸೇರಿತು. ರತ್ನವ್ವ ಸ್ಟೇರಿಂಗಿನ ಮುಂದೆ ಕೂತಳು. ಅಜೀಮ ಬಾನೆಟ್ಟಿಗೆ ಕಿವಿ ಹಚ್ಚಿದ. ಆರ್ಜೂ ಪಕ್ಕದಲ್ಲಿ ಬಂದು ಕೂತು, ಹತ್ತು ಎಣಿಸುವುದರೊಳಗೆ ಮುಳ್ಳು ಏಳಬೇಕು, ಏಳದಿದ್ದರೆ ನಿಲ್ಲಿಸಿಬಿಡಿ ಎಂದಳು. ಚಾವಿ ತಿರುಗಿತು. ಎಂಜಿನ್ನು ಒದರಿಕೊಂಡು ಎದ್ದಿತು, ಕಂಚುಗಾರನೂ ಎದ್ದ. ಆರ್ಜೂ ಎಣಿಸತೊಡಗಿದಳು. ಮೂರು. ಮುಳ್ಳು ಮಲಗಿತ್ತು. ಐದು. ಆರು. ರತ್ನವ್ವನ ಕೈ ಚಾವಿಯ ಮೇಲೆಯೇ ಇತ್ತು. ಇಷ್ಟು ವರ್ಷದಲ್ಲಿ ಅವಳು ಅವಸರ ಪಟ್ಟದ್ದಿಲ್ಲ, ಈಗ ಒಂದೊಂದು ಎಣಿಕೆಯೂ ಒಂದೊಂದು ಮಳೆಗಾಲದಷ್ಟು ಉದ್ದವಾಯಿತು. ಎಂಟು. ಆರ್ಜೂ ಒಂಬತ್ತು ಎನ್ನದೆ ತಡೆದಳು. ಎರಡು ಉಸಿರು ತಡೆದಳು, ಆಮೇಲೆ ಮೆತ್ತಗೆ ಒಂಬತ್ತು ಎಂದಳು. ಮುಳ್ಳು ನಡುಗಿತು, ನಿದ್ದೆಗಣ್ಣಿನ ಮಗು ತಲೆ ಎತ್ತಿದ ಹಾಗೆ ಎತ್ತಿತು, ನಡುವಿಗೆ ಬಂದು ನಿಂತಿತು. ಬಡಿಯುವ ಸದ್ದು ಒಂದೊಂದೇ ಪೆಟ್ಟು ಮರೆತು, ದೂರವಾಗಿ, ಇಲ್ಲವಾಯಿತು.

ಅಜೀಮ ಬಾನೆಟ್ಟಿನಿಂದ ಕಿವಿ ತೆಗೆಯದೆ ಕಣ್ಣು ಮುಚ್ಚಿದ್ದ.

ಅರ್ಧ ತಾಸಿನ ಮೇಲೆ ರತ್ನವ್ವ ಸೀರೆ ಕಚ್ಚೆ ಕಟ್ಟಿ ತಾನೇ ಕೆಳಗೆ ಮಲಗಿ ನಟ್ಟು ಬಿಚ್ಚಿದಳು. ಬಿಸಿ ಕರೀ ಎಣ್ಣೆ ಅವಳ ಬೆರಳ ಮೇಲೆ ಹರಿದು ಬುಟ್ಟಿಗೆ ಬಿತ್ತು. ಸುಟ್ಟಿತು. ಅವಳು ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ, ಕೊನೆಯ ಹನಿ ಬೀಳುವತನಕ ನೋಡುತ್ತ ಮಲಗಿದ್ದಳು.

ಸಂಜೆಗೆ ಮಳೆ ಹಿಂದೆ ಸರಿಯಿತು. ಎಣ್ಣೆ ಎರಡನೆಯ ಸಲ ತುಂಬಿ ಆಗಿತ್ತು. ಎರೆಯಲ್ಲಿ, ಭಾರ ಹೊತ್ತು, ನಾಲ್ಕೂ ಗಾಲಿಯ ಮೇಲೆ ಎಳೆದಾಗ ಮುಳ್ಳು ನಿಲ್ಲುತ್ತದೆಯೇ ಎಂದು ನೋಡದೆ ತಾನು ಹೋಗುವುದಿಲ್ಲ ಎಂದಳು ಆರ್ಜೂ. ಸಂಜೆಯ ಹಾಲಿಗೆ ಹೊತ್ತೂ ಆಗಿತ್ತು. ರತ್ನವ್ವ ಚಾವಿಯನ್ನು ಅವಳ ಕೈಯಲ್ಲಿಟ್ಟಳು.

"ನೀನ ಹೊಡಿ."

"ಎರಿಯೊಳಗ ನಾ ಯಾವಾಗೂ ಹೊಡದಿಲ್ಲರಿ. ನಮ್ಮ ಓಣ್ಯಾಗ ಏನಿದ್ರೂ ಹತ್ತ ಮಾರು ಹಿಂದ, ಹತ್ತ ಮಾರು ಮುಂದ."

"ಹೊಡಿ. ದಾರಿ ನಾ ಹೇಳ್ತೇನಿ."

ಅಜೀಮ ಮುಂದಿನ ಇನ್ನೊಂದು ತುದಿಗೆ, ರತ್ನವ್ವ ನಡುವೆ, ಕುಬೇರಪ್ಪ ಹಿಂದೆ ಖಾಲಿ ಕ್ಯಾನುಗಳ ಜೊತೆ. ಹೊರಡುವಾಗ ಜೀಪು ಎರಡು ಸಲ ನೆಗೆದು ನಿಂತಿತು. ಹಿಂದಿನಿಂದ ಕುಬೇರಪ್ಪ, ತನಗೆ ಕಣ್ಣಿಲ್ಲದ್ದು ಇವತ್ತು ಪುಣ್ಯ ಎಂದ. ಮೂರನೆಯ ಸಲಕ್ಕೆ ಹೊರಟಿತು. ಸಣ್ಣ ಗೇರಿಗೆ ಹಾಕು, ಕಾಲು ಎತ್ತಬೇಡ, ಸ್ಟೇರಿಂಗನ್ನು ಬಿಗಿಯಾಗಿ ಹಿಡಿಯಬೇಡ, ಎರೆ ಎಲ್ಲಿಗೆ ಒಯ್ಯುತ್ತದೋ ತುಸು ಒಯ್ಯಲಿ, ಆಮೇಲೆ ಮೆಲ್ಲಗೆ ಕರೆದುಕೋ ಎಂದು ರತ್ನವ್ವ ಹೇಳುತ್ತಾ ಹೋದಳು. ಮೊದಲ ಹೊಂಡ ದಾಟಿತು. ಎರಡನೆಯದರಲ್ಲಿ ಜೀಪು ಪಕ್ಕಕ್ಕೆ ಜಾರಿತು, ನಾಲ್ಕೂ ಗಾಲಿ ಒಮ್ಮೆಲೇ ಕಚ್ಚಿ ಹಿಡಿದು ಮೇಲೆ ಬಂತು. ಹುಡುಗಿಯ ಬಾಯಿಂದ ಸಣ್ಣ ನಗು ಹೊರಬಿತ್ತು. ಮೋಡದ ಅಂಚಿನಿಂದ ಬಿಸಿಲು ಇಣುಕಿ ನೀರು ನಿಂತ ಸಾಲುಗಳೆಲ್ಲ ಬೆಳಗಿದವು.

"ಆಯಿ, ಮುಳ್ಳು ನೋಡ್ರಿ, ಅಳಗಾಡಾಕತ್ತಿಲ್ಲ," ಎಂದಳು ಆರ್ಜೂ.

ಅವಳು ಕಣ್ಣು ಹೊರಳಿಸಿ ನೋಡಿದಳು. ಹದಿನಾರು ವರ್ಷ ಈ ದಾರಿಯನ್ನು ಕಣ್ಣು ಮುಚ್ಚದೆ ಓಡಿಸಿದ ರತ್ನವ್ವ, ಮಸಿ ಮೆತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ತಲೆಯನ್ನು ಹುಡುಗಿಯ ಹೆಗಲಿಗೆ ಆನಿಸಿ ನಿದ್ದೆ ಹೋಗಿದ್ದಳು. ಮುಂದೆ ದಾರಿ ಎರಡಾಗಿ ಸೀಳಿತ್ತು. ಯಾವ ಕಡೆ ಎಂದು ಆರ್ಜೂಗೆ ಗೊತ್ತಿರಲಿಲ್ಲ. ಎಬ್ಬಿಸಲು ಮನಸ್ಸಾಗದೆ, ಹೆಗಲು ಅಲುಗದಂತೆ ಸ್ಟೇರಿಂಗನ್ನು ಮೆಲ್ಲಗೆ ಎಡಕ್ಕೆ ಹೊರಳಿಸಿದಳು.